ಫ್ಲೈವೀಲ್ ಬೆಂಡಾ, ಇಲ್ಲ ಬೇರೇನಾದ್ರೂನಾ? ಹೇಗೆ ಕಂಡುಹಿಡಿಯೋದು

ಪ್ರಶ್ನೆ:
ನಂದು 1967ರ ಕಾರು, ಮ್ಯಾನುಯಲ್ ಗೇರು. ಫಸ್ಟ್ ಗೇರಲ್ಲಿ ಕ್ಲಚ್ ಬಿಡ್ತಾ ಬಂದ್ರೆ ಇಡೀ ಗಾಡಿ ಗಡಗಡ ನಡುಗತ್ತೆ, ತಣ್ಣಗಿದ್ದಾಗ ಅಷ್ಟಿಲ್ಲ, ಬಿಸಿಯಾದ್ಮೇಲೆ ಏರಲ್ಲಿ ಎತ್ತುವಾಗ ತುಂಬಾ ಜಾಸ್ತಿ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಎರಡೂ ಹೊಸದು ಹಾಕ್ಸಿದ್ರೂ ಹೋಗ್ಲಿಲ್ಲ. ಫ್ಲೈವೀಲ್ (ಎಂಜಿನ್ ಕ್ರ್ಯಾಂಕ್ ಶಾಫ್ಟ್ ಹಿಂದಿನ ತುದಿಗೆ ಬೋಲ್ಟ್ ಆಗಿರೋ ಭಾರದ ಚಕ್ರ, ಕ್ಲಚ್ ಪ್ಲೇಟು ಉಜ್ಜೋದು ಇದ್ರ ಮುಖಕ್ಕೇ) ಮಾತ್ರ ಹಳೇದೇ, ಸ್ಯಾಂಡ್ ಪೇಪರಲ್ಲಿ ಉಜ್ಜಿ ಕೂರಿಸಿದ್ರು. ಇಷ್ಟು ವರ್ಷ ಜೋಪಾನ ಮಾಡಿದ ಗಾಡಿ, ಹೀಗೆ ನಡುಗೋದು ನೋಡೋಕಾಗ್ತಿಲ್ಲ.

ಉತ್ತರ 1:
ಸರ್, ಗೇರ್‌ಬಾಕ್ಸ್ ಇಳಿಸೋಕೆ ಮುಂಚೆ ಎಂಜಿನ್ ಮೌಂಟು, ಗೇರ್‌ಬಾಕ್ಸ್ ಮೌಂಟು ನೋಡಿ, ರಬ್ಬರ್ ಹರಿದಿದ್ರೆ ಇದೇ ಥರ ನಡುಗತ್ತೆ. ಹಿಂದಿನ ಕ್ರ್ಯಾಂಕ್ ಸೀಲ್ ಸೋರಿ ಪ್ಲೇಟಿಗೆ ಆಯಿಲ್ ತಾಗಿದ್ರೂ ಅಷ್ಟೇ. ನ್ಯೂಟ್ರಲ್ಲಲ್ಲಿ ರೇಸ್ ಕೊಟ್ಟಾಗ್ಲೂ ನಡುಕ ಬಂದ್ರೆ ಫ್ಲೈವೀಲ್ ಬ್ಯಾಲೆನ್ಸ್ ಕಡೆ ಅನುಮಾನ ಪಡಿ, ನಿಮ್ದು ಕ್ಲಚ್ ಬಿಡುವಾಗ ಮಾತ್ರ ಅಂತೀರಲ್ಲ.

ಉತ್ತರ 2:
ಮೌಂಟು ಸರಿಯಿದ್ರೆ ಇಳಿಸ್ಲೇಬೇಕು, ಕಣ್ಣಲ್ಲಿ ನೋಡಿ ಬೆಂಡು ಹೇಳೋಕಾಗಲ್ಲ. ಡಯಲ್ ಗೇಜನ್ನ (ಮುಳ್ಳು ತಾಗಿಸಿ ಸಣ್ಣ ಏರಿಳಿತ ಅಳೆಯೋ ಮೀಟರು) ಎಂಜಿನ್ ಬ್ಲಾಕಿಗೆ ಕೂರಿಸಿ, ಮುಳ್ಳನ್ನ ಪ್ಲೇಟ್ ಉಜ್ಜೋ ಮುಖದ ಹೊರ ಅಂಚಿಗೆ ಇಟ್ಟು, ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲೇ ಒಂದು ಸುತ್ತು ತಿರುಗ್ಸಿ. ಇಲ್ಲೇ ಎಲ್ರೂ ಎಡವೋದು: ಕ್ರ್ಯಾಂಕಿಗೆ ಹಿಂದೆಮುಂದೆ ಸ್ವಲ್ಪ ಆಟ ಇರತ್ತಲ್ಲ, ಅದನ್ನ ಸುತ್ತು ಮುಗಿಯೋವರ್ಗೂ ಒಂದೇ ಕಡೆ ಒತ್ತಿ ಹಿಡೀಬೇಕು, ಇಲ್ದಿದ್ರೆ ಆ ಆಟಾನೇ ಬೆಂಡ್ ಅಂತ ತೋರ್ಸತ್ತೆ. ಎಷ್ಟು ಔಟ್ (ಒಂದು ಸುತ್ತಲ್ಲಿ ಮುಳ್ಳು ಓಲಾಡೋ ಅಳತೆ) ಇರ್ಬಹುದು ಅನ್ನೋದು ನಿಮ್ಮ ಗಾಡಿ ಮ್ಯಾನುಯಲ್ಲಲ್ಲಿ ಇರತ್ತೆ.

ಔಟ್ ಬಂತು ಅಂತ ತಕ್ಷಣ ಮಷಿನ್ ಶಾಪಿಗೆ ಓಡ್ಬೇಡಿ. ಫ್ಲೈವೀಲ್ ಬಿಚ್ಚಿ ಕ್ರ್ಯಾಂಕ್ ಫ್ಲೇಂಜ್ (ಫ್ಲೈವೀಲ್ ಕೂರೋ ಕ್ರ್ಯಾಂಕ್ ತುದಿಯ ಚಪ್ಪಟೆ ಮುಖ) ಒರೆಸಿ ಅದಕ್ಕೂ ಗೇಜ್ ಇಡಿ. ಸೆಂಟರಿಂದ 40 ಮಿಮೀ ದೂರದಲ್ಲಿ 0.05 ಮಿಮೀ ತುಕ್ಕು ಕೂತಿದ್ರೂ 120 ಮಿಮೀ ದೂರದ ಅಂಚಲ್ಲಿ ಅದು 0.15 ಆಗತ್ತೆ. ಬಿಚ್ಚೋ ಮುಂಚೆ ಫ್ಲೈವೀಲಿಗೂ ಫ್ಲೇಂಜಿಗೂ ಗುರುತು ಹಾಕ್ಕೊಳಿ.

ಉತ್ತರ 3:
ಫ್ಲೈವೀಲ್ ಮುಖದ ಮೇಲೆ ನೀಲಿ ಕಲೆ ಇದ್ಯಾ ನೋಡಿ, ಬಿಸಿಗೆ ಅಲ್ಲಿ ಕಬ್ಬಿಣ ಗಟ್ಟಿ ಆಗಿರತ್ತೆ, ಲೇಥ್ ಟೂಲ್ ಅದ್ರ ಮೇಲೆ ಹಾರತ್ತೆ, ಗ್ರೈಂಡಿಂಗೇ ಮಾಡ್ಸಿ. ಬಿರುಕಿದ್ರೆ ಬಿಸಾಕಿ. ಆಟೋಮ್ಯಾಟಿಕ್ ಗಾಡಿಯವ್ರು ಯಾರಾದ್ರೂ ಓದ್ತಿದ್ರೆ, ಫ್ಲೆಕ್ಸ್‌ಪ್ಲೇಟನ್ನ (ಅದ್ರಲ್ಲಿ ಫ್ಲೈವೀಲ್ ಜಾಗದಲ್ಲಿರೋ ತೆಳು ತಟ್ಟೆ) ಗ್ರೈಂಡ್ ಮಾಡೋಕಾಗಲ್ಲ, ಬೋಲ್ಟ್ ತೂತಿನ ಸುತ್ತ ಬಿರುಕು ಬಿಟ್ರೆ ಬೇರಿಂಗ್ ಹೋದ ಹಾಗೆ ಟಕಟಕ ಅನ್ನತ್ತೆ, ಸುಮ್ನೆ ಎಂಜಿನ್ ಬಿಚ್ಬೇಡಿ.

ಪ್ರಶ್ನೆ ಕೇಳಿದವರು:
ಇಳಿಸಿದೆ. ಕ್ರ್ಯಾಂಕ್ ಒತ್ತಿ ಹಿಡಿದು ನೋಡಿದ್ರೆ 0.30 ಮಿಮೀ ಔಟ್ ಬಂತು, ಫ್ಲೇಂಜ್ ಮೇಲೆ ಬೋಲ್ಟ್ ತೂತಿನ ಪಕ್ಕ ಸಣ್ಣ ಉಬ್ಬು, ಆಯಿಲ್ ಸ್ಟೋನಲ್ಲಿ ನಿಧಾನಕ್ಕೆ ಉಜ್ಜಿ ತೆಗೆದು ಕೂರಿಸಿದ್ಮೇಲೆ 0.07. ನೀಲಿ ಕಲೆ ಎರಡಿದೆ, ಅದಕ್ಕೆ ಗ್ರೈಂಡಿಂಗಿಗೆ ಕೊಟ್ಟಿದೀನಿ. ಆ ಉಬ್ಬಿಗೆ ಹೊಸ ಫ್ಲೈವೀಲೇ ತಂದು ಹಾಕ್ಬಿಡ್ತಿದ್ದೆ, ತುಂಬಾ ಥ್ಯಾಂಕ್ಸ್ ಎಲ್ರಿಗೂ.