ಮ್ಯಾಮೊಗ್ರಾಮ್ ಓದೋಕೆ ಎಐ: ಬಳಸಿದ ಡಾಕ್ಟರ್‌ಗಳು ಅನುಭವ ಹೇಳಿ

ಕೇಳಿದವರು: ನಮ್ಮ ಸ್ತನ ಕ್ಯಾನ್ಸರ್ ಸ್ಕ್ರೀನಿಂಗ್ ಘಟಕದಲ್ಲಿ ಪ್ರತಿ ಮ್ಯಾಮೊಗ್ರಾಮನ್ನೂ (ಸ್ತನದ ಎಕ್ಸ್‌ರೇ) ಇಬ್ಬರು ಡಾಕ್ಟರ್‌ಗಳು ಓದುತ್ತೇವೆ. ಇನ್ನು ಒಬ್ಬರ ಜಾಗಕ್ಕೆ ಎಐ ಬರುತ್ತಂತೆ. ಒಪ್ಪಬಹುದಾ?

ಹಿರಿಯ ರೇಡಿಯಾಲಜಿಸ್ಟ್: ಇದೇ ಆಸೆಯಿಂದ ಹಿಂದೆ ಕ್ಯಾಡ್ ಹಾಕಿಸಿದ್ದೆ, ಅನುಮಾನದ ಜಾಗಕ್ಕೆ ಗುರುತು ಹಾಕೋ ಹಳೇ ಸಾಫ್ಟ್‌ವೇರ್. ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆ ಕಂಡಲ್ಲೆಲ್ಲ ಗುರುತು. ರಕ್ತನಾಳದ ಸುಣ್ಣಕ್ಕೂ ಗುರುತು! ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ಅಲ್ಲ ಅಂತ ಬಿಡಬೇಕು. ಸಂಜೆ ಆರಕ್ಕೆ ಮುಗಿಯೋ ಪಟ್ಟಿ ಎಂಟಾದರೂ ಮುಗಿಯುತ್ತಿರಲಿಲ್ಲ. ಮೂರು ವರ್ಷ ಹೀಗೇ ಹೋಯಿತು. ಆಮೇಲೆ 2015ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂತು, ಕ್ಯಾಡ್‌ನಿಂದ ಪತ್ತೆ ಹೆಚ್ಚಿಲ್ಲ ಅಂತ. ಆ ಸಂಜೆಗಳನ್ನ ಯಾರು ವಾಪಸ್ ಕೊಡ್ತಾರೆ?

ಎರಡು ವರ್ಷದಿಂದ ಬಳಸುತ್ತಿರುವವಳು: ಸರ್, ಹಳೇ ಕ್ಯಾಡ್ ಬೇರೆ, ಇದು ಬೇರೆ. ಸ್ವೀಡನ್ನಿನ ಮಸಾಯ್ ಪ್ರಯೋಗದ 2023ರ ವರದಿಯಲ್ಲಿ 80,000 ಮಹಿಳೆಯರಿದ್ದಾರೆ. ಎಐ ಇದ್ದ ಗುಂಪಲ್ಲಿ 1,000ಕ್ಕೆ 6.1 ಕ್ಯಾನ್ಸರ್ ಸಿಕ್ಕವು, ಇಲ್ಲದ ಗುಂಪಲ್ಲಿ 5.1. ಓದುವ ಕೆಲಸ 44% ಇಳಿಯಿತು. ನನ್ನದೇ ಒಂದು ಕೇಸ್ ಹೇಳ್ತೀನಿ. ದಟ್ಟ ಸ್ತನ, ಒಂದೇ ಕೋನದ ಚಿತ್ರದಲ್ಲಿ ಅಂಗಾಂಶ ಸ್ವಲ್ಪ ಎಳೆದಂತಿತ್ತು. ನಾನು ದಾಟಿಬಿಟ್ಟಿದ್ದೆ, ಎಐ ಹಿಡಿಯಿತು. ಎಂಟು ಮಿಲಿಮೀಟರ್ ಕ್ಯಾನ್ಸರ್. ಕಂಕುಳಿಗೆ ಹರಡಿರಲಿಲ್ಲ.

ಕೈಸುಟ್ಟುಕೊಂಡವಳು: ನನಗಾದದ್ದು ಉಲ್ಟಾ. ಎಡಗಡೆ ಮೇಲೆ ಏನೋ ಅನುಮಾನ. ಹೋದ ಸಲದ ಚಿತ್ರ ಪಕ್ಕಕ್ಕಿಟ್ಟು ನೋಡುತ್ತಿದ್ದೆ. ಎಐ ಕೊಡೋ ಅಪಾಯದ ಸ್ಕೋರ್ ತೀರಾ ಕಡಿಮೆ ಬಂತು, ನಾರ್ಮಲ್ ಅಂತ ಬರೆದೆ. ಹನ್ನೊಂದು ತಿಂಗಳಿಗೆ ಆಕೆಗೇ ಗಂಟು ಕೈಗೆ ಸಿಕ್ಕಿತು. ಆ ಚಿತ್ರ ಇವತ್ತಿಗೂ ಕಣ್ಣ ಮುಂದಿದೆ.

ಎರಡು ವರ್ಷದಿಂದ ಬಳಸುತ್ತಿರುವವಳು: ಬರೆದದ್ದು ನೀವಲ್ವಾ? ಯಂತ್ರದ ತಲೆಗೆ ಕಟ್ಟಬೇಡಿ.

ಕೈಸುಟ್ಟುಕೊಂಡವಳು: ನಾನು ತಪ್ಪು ಒಪ್ಪಿಕೊಂಡೇ ಬರೆದಿದ್ದು. 2023ರಲ್ಲೇ ಜರ್ಮನಿಯಲ್ಲಿ 27 ರೇಡಿಯಾಲಜಿಸ್ಟ್‌ಗಳಿಗೆ ಬೇಕಂತಲೇ ತಪ್ಪು ಎಐ ಸಲಹೆ ತೋರಿಸಿದರು. ಪಳಗಿದವರ ಸರಿ ಉತ್ತರವೂ 82%ನಿಂದ 46%ಗೆ ಬಿತ್ತು. ನಿಮಗೆ ಹಾಗಾಗಲ್ಲ ಅಂತ ಅಷ್ಟು ಧೈರ್ಯವಾ?

ಹಿರಿಯ ರೇಡಿಯಾಲಜಿಸ್ಟ್: ಮಸಾಯ್‌ನ ಅರ್ಧ ಮಾತ್ರ ಹೇಳಬೇಡಿ ಮೇಡಂ. ಅಪಾಯ ಜಾಸ್ತಿ ಅಂತ ಎಐ ಹೇಳಿದ ಚಿತ್ರಗಳನ್ನ ಅಲ್ಲೂ ಇಬ್ಬರು ಡಾಕ್ಟರೇ ಓದಿದ್ದು. ಉಳಿದವನ್ನ ಒಬ್ಬರು.

ಎರಡು ವರ್ಷದಿಂದ ಬಳಸುತ್ತಿರುವವಳು: ಡಾಕ್ಟರೇ ಬೇಡ ಅಂತ ನಾನೆಲ್ಲಿ ಹೇಳಿದೆ? ಮೊದಲು ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಕೇಳಿದವರು: ನಾನೂ ಎಐಯೂ ಬೇರೆಬೇರೆ ಹೇಳಿದರೆ ಯಾರು ತೀರ್ಮಾನಿಸೋದು?

ಕೈಸುಟ್ಟುಕೊಂಡವಳು: ಮೂರನೆಯವರು ಕೂರಬೇಕು. ನಮ್ಮಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಅದಕ್ಕೇ ಹೋಗುತ್ತೆ. ಆ ಹೊತ್ತನ್ನ ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಿ. ನಾನು ಕೇಳಿರಲಿಲ್ಲ.