ಲಿಗಮೆಂಟ್‌ಗೆ ‘ನರ’ ಅನ್ನಬಹುದೇ?

ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಜೊತೆಗೆ ಒಂದೆರಡು ಬಾಲಂಗೋಚಿ ಪ್ರಶ್ನೆಗಳೂ ಇವೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದ ಕಬಡ್ಡಿ ಆಟಗಾರರ ಬಗ್ಗೆ ಅವಳ ಸಂಶೋಧನೆ. ಅದರಲ್ಲಿ ಭಾಗವಹಿಸುವವರಿಗೆ ಕನ್ನಡದಲ್ಲಿ ಒಂದು ಮಾಹಿತಿ ಪತ್ರ ಕೊಡಬೇಕು, ಓದಿ ಸಹಿ ಹಾಕಿಸಿಕೊಳ್ಳಬೇಕು. “ಸರ್, ಭಾಷಾ ಒಂಚೂರು ನೋಡ್ರಿ” ಅಂತ ತಂದುಕೊಟ್ಟಳು. ಅದರಲ್ಲಿದ್ದ ಒಂದು ಸಾಲು ಇದು:

“ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು, ಹಾನಿಗೊಳಗಾದ ಅಸ್ಥಿರಜ್ಜುವಿನ ಸ್ಥಳದಲ್ಲಿ ಕಸಿ ಮಾಡಲಾಗುವುದು.”

ಲೆಕ್ಕಕ್ಕೆ ತಪ್ಪೇನಿಲ್ಲ. ಟೆಂಡನ್ ಅಂದರೆ ಸ್ನಾಯುರಜ್ಜು, ಅದು ಸ್ನಾಯುವನ್ನು ಎಲುಬಿಗೆ ಕಟ್ಟುತ್ತದೆ. ಲಿಗಮೆಂಟ್ ಅಂದರೆ ಅಸ್ಥಿರಜ್ಜು, ಅದು ಎಲುಬನ್ನು ಎಲುಬಿಗೆ ಕಟ್ಟುತ್ತದೆ. ಆದರೆ ಅವಳ ತಮ್ಮ, ಅವನೂ ಕಬಡ್ಡಿ ಆಡುವವನೇ, ಅದನ್ನು ‘ಅಸ್ಥಿರ-ಜ್ಜು’ ಅಂತ ಒಡೆದು ಓದಿದ. ಅವನನ್ನು ಬೈಯುವಂತಿಲ್ಲ. ‘ಅಸ್ಥಿ’ ಅವನ ಕಿವಿಗೆ ಬಿದ್ದಿರುವುದು ಅಸ್ಥಿ ವಿಸರ್ಜನೆಯಲ್ಲಿ ಮಾತ್ರ. ‘ಅಸ್ಥಿರ ಸರ್ಕಾರ’ ಮಾತ್ರ ಪೇಪರಿನಲ್ಲಿ ಆಗಾಗ ಕಾಣುತ್ತದೆ. ಮೊಣಕಾಲನ್ನು ಅಲುಗದಂತೆ ಹಿಡಿಯುವ ಭಾಗಕ್ಕೆ ಅಸ್ಥಿರ ಅನ್ನೋ ಹೆಸರು ಬಿದ್ದ ಹಾಗಾಯಿತು.

ಹೋಗಲಿ ಅಂತ ಅವಳು ಎರಡೂ ಕಡೆ ‘ನರ’ ಅಂತ ತಿದ್ದಿದಳು. ನನ್ನ ತಕರಾರು ಇರುವುದು ಇಲ್ಲಿ.

ಧಾರವಾಡದ ಕಡೆ ನರ ಅನ್ನದೆ ಇರುವುದು ಯಾವುದನ್ನು? ರಕ್ತ ತೆಗೆಯುವಾಗ “ನರಾ ಸಿಗವಲ್ದು” ಅಂತಾರೆ. ಲಕ್ವ ಹೊಡೆದರೆ ನರದ ದೋಷ. ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡರೆ ನರದ ಮೇಲೆ ನರ ಏರಿರುತ್ತದೆ. ಕಡಪಾ ಮೈದಾನದಲ್ಲಿ ಕಾಲು ತಿರುಚಿ ಬಿದ್ದವನಿಗೆ “ನರಾ ಹರದೈತ್ರಿ”. ಮಾತಿನಲ್ಲಿ ಇದು ನಡೆಯುತ್ತದೆ, ಎದುರಿಗಿದ್ದವರಿಗೆ ಸಂದರ್ಭ ಗೊತ್ತಿರುತ್ತದೆ. ಸಹಿ ಹಾಕುವ ಕಾಗದದಲ್ಲಿ ‘ತೊಡೆಯ ನರ ಕತ್ತರಿಸಿ ಮೊಣಕಾಲಿಗೆ ಹಾಕುತ್ತೇವೆ’ ಅಂತ ಬರೆದರೆ ಏನಾಗುತ್ತದೆ ಹೇಳಿ. ಕಾಲಿನ ಸ್ಪರ್ಶವೇ ಹೋಗುತ್ತದೆ ಅಂತ ಹುಡುಗನ ಅವ್ವ ಹೆದರುತ್ತಾಳೆ. ಅಥವಾ, ನರ ತಾನೇ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಅಂತ ಆಸ್ಪತ್ರೆಗೇ ಬರುವುದಿಲ್ಲ.

ಈ ಗೋಜಲು ನಮ್ಮದೊಂದೇ ಅಲ್ಲ. ಹಳೆಯ ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಹುರಿ, ಟೆಂಡನ್ ಅನ್ನೋ ಅರ್ಥದಲ್ಲೇ ಇತ್ತು, ನರ ಅನ್ನೋ ಅರ್ಥ ಆಮೇಲೆ ಬಂತು. ‘ಸ್ನಾಯು’ವಿನ ಕಥೆ ಇನ್ನೂ ಮಜಾ ಇದೆ. ಸುಶ್ರುತ ಸಂಹಿತೆಯಲ್ಲಿ ಸ್ನಾಯು ಅಂದರೆ ಕೀಲುಗಳನ್ನು ಬಿಗಿಯುವ ಕಟ್ಟು. ದೇಹದಲ್ಲಿ ಅವು 900 ಅಂತ ಲೆಕ್ಕ. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ದೇಹ ಭಾರ ಹೊರುತ್ತದೆ ಅನ್ನೋ ಹೋಲಿಕೆಯೂ ಅಲ್ಲಿದೆ. ಲಿಗಮೆಂಟ್‌ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಆದರೆ ಇಂದಿನ ಕನ್ನಡದಲ್ಲಿ, ಮರಾಠಿಯಲ್ಲಿ ಕೂಡ, ಸ್ನಾಯು ಅಂದರೆ ಮಾಂಸಖಂಡ. ಬಂಗಾಳಿಯಲ್ಲಿ ಅದೇ ಪದ ನರಕ್ಕೆ. ಹಾಗಾಗಿ ಹಳೆಯ ಅರ್ಥಕ್ಕೆ ವಾಪಸ್ ಹೋಗೋಣ ಅನ್ನುವಂತಿಲ್ಲ.

ಟೆಂಡನ್, ಲಿಗಮೆಂಟ್ ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು ಅನ್ನೋದಕ್ಕೆ ಇನ್ನೂ ಗಟ್ಟಿ ಕಾರಣ ಇದೆ. ಕುರ್ಚಿಯ ಮೇಲೆ ಕೂತು, ಮೊಣಕಾಲು ಮಡಚಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಿರಿ. ಮೊಣಕಾಲ ಹಿಂದೆ, ಒಳಬದಿಗೆ ಬೆರಳು ಇಟ್ಟರೆ ಬಿಗಿಯಾದ ಹುರಿ ಸಿಗುತ್ತದೆ. ಸಾಮಾನ್ಯವಾಗಿ ಈ ಜಾಗದ ಒಂದೋ ಎರಡೋ ಟೆಂಡನ್ ತೆಗೆದು, ಮಡಚಿ ನಾಲ್ಕೆಳೆ ಮಾಡಿ, ತೊಡೆ ಎಲುಬಿಗೂ ಮೊಣಕಾಲ ಕೆಳಗಿನ ಎಲುಬಿಗೂ ರಂಧ್ರ ಕೊರೆದು ಕೂರಿಸುತ್ತಾರೆ. ಕೆಲವರಿಗೆ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ತೆಗೆಯುವುದೂ ಉಂಟು. ಹೀಗೆ ಕೂರಿಸಿದ ಟೆಂಡನ್ ಸುಮ್ನೆ ಕೂರುವುದಿಲ್ಲ. ಮೊದಲ ಕೆಲವು ವಾರ ಬಲ ಕಳೆದುಕೊಳ್ಳುತ್ತದೆ. ನಂತರ ಅದಕ್ಕೆ ಹೊಸ ರಕ್ತನಾಳ ಬಂದು, ತಿಂಗಳುಗಟ್ಟಲೆ ಹೊತ್ತು ತೆಗೆದುಕೊಂಡು ಲಿಗಮೆಂಟ್‌ನ ಗುಣ ಪಡೆಯುತ್ತದೆ. ನೋವು ನಿಂತು, ಹುಡುಗ ಓಡಾಡತೊಡಗಿದಾಗಲೂ ಒಳಗೆ ಈ ಕೆಲಸ ಮುಗಿದಿರುವುದಿಲ್ಲ. 2016ರಲ್ಲಿ ಬಂದ ನಾರ್ವೆ-ಅಮೆರಿಕದ ಒಂದು ಅಧ್ಯಯನದಲ್ಲಿ, ಆಪರೇಷನ್ ಆದ ಮೇಲೆ 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟಗಾರರಿಗೆ ಮುಖ್ಯವಾಗಿ ತಿಳಿಯಬೇಕಾದ ಮಾತೇ ಇದು. ಇದನ್ನು ‘ನರ ನಿಧಾನಕ್ಕೆ ನರವಾಗುತ್ತದೆ’ ಅಂತ ಬರೆಯಲು ಆಗುತ್ತದೆಯೇ?

ನಾನು ಸದ್ಯಕ್ಕೆ ಹೇಳಿರುವುದು ಇಷ್ಟು. ಲಿಗಮೆಂಟ್ ಅನ್ನು ಲಿಗಮೆಂಟ್ ಅಂತಲೇ ಇಡು, ಆಡುವ ಹುಡುಗರು “ಲಿಗ್ಮೆಂಟ್ ಹೋಗೇತಿ” ಅಂತ ಆಗಲೇ ಅನ್ನುತ್ತಿದ್ದಾರೆ. ಮೊದಲ ಸಲ ಬಂದಾಗ ‘ಎಲುಬಿಗೆ ಎಲುಬನ್ನು ಬಿಗಿಯುವ ಪಟ್ಟಿ’ ಅಂತ ಬಿಡಿಸಿ ಹೇಳು. ಟೆಂಡನ್‌ಗೆ ‘ಸ್ನಾಯುವಿನ ತುದಿಯ ಹುರಿ’ ಸಾಕು. ‘ಕಸಿ’ ಇರಲಿ. ಆಪೂಸ್ ಮಾವು ಬೆಳೆಯುವ ಊರಿನಲ್ಲಿ ಕಸಿ ಯಾರಿಗೆ ತಿಳಿಯದು?

‘ಹರಿದಿದೆ’ ಅನ್ನೋದೂ ಒಂಚೂರು ತೊಡಕೇ. ಹರಿದದ್ದನ್ನು ಹೊಲಿಯುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಎಸಿಎಲ್, ಅಂದರೆ ಈ ಆಪರೇಷನ್‌ನಲ್ಲಿ ಬದಲಿಸುವ ಮೊಣಕಾಲ ಒಳಗಿನ ಲಿಗಮೆಂಟ್, ಅದರ ವಿಷಯದಲ್ಲಿ ಹೆಚ್ಚಾಗಿ ಹೊಲಿಯುವುದಿಲ್ಲ, ಹೊಸದನ್ನು ಕೂರಿಸುತ್ತಾರೆ. ಹರಿದವರೆಲ್ಲರಿಗೂ ಆಪರೇಷನ್ ಬೇಕು ಅಂತಲೂ ಇಲ್ಲ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಬೇಗ ಆಪರೇಷನ್ ಮಾಡಿದರು. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್. 5 ವರ್ಷ ಕಳೆದ ಮೇಲೆ ನೋಡಿದಾಗಲೂ ಎರಡನೇ ಗುಂಪಿನ ಹೆಚ್ಚುಕಡಿಮೆ ಅರ್ಧ ಜನ ಆಪರೇಷನ್ ಇಲ್ಲದೆಯೇ ಇದ್ದರು. ‘ಹರಿದಿದೆ’ಗೆ ಬದಲು ಏನು ಬರೆಯಬೇಕೋ ನನಗಂತೂ ಹೊಳೆದಿಲ್ಲ.

ಇನ್ನು ‘ಪುನರ್ವಸತಿ’. ರಿಹ್ಯಾಬಿಲಿಟೇಷನ್‌ಗೆ ಈ ಪದ ಹಾಕಿದ್ದಾಳೆ. ನಮ್ಮ ಕಡೆ ಪುನರ್ವಸತಿ ಅಂದರೆ ಆಲಮಟ್ಟಿ ಹಿನ್ನೀರು, 2009ರ ನೆರೆ, ಆಸರೆ ಮನೆಗಳು. ‘ಆಟಗಾರರ ಪುನರ್ವಸತಿ’ ಅಂತ ಓದಿದರೆ ಅವರಿಗೆ ಸೈಟ್ ಕೊಡುತ್ತಾರೇನೋ ಅನ್ನಿಸುತ್ತದೆ. ‘ಪುನಶ್ಚೇತನ’ ಬ್ಯಾಂಕು, ಕಾರ್ಖಾನೆಗಳಿಗೆ ಮೀಸಲಾದಂತಿದೆ. ‘ತಾಲೀಮು’ ನನಗೆ ಇಷ್ಟ, ಕುಸ್ತಿಯವರ ಪದ, ಎಲ್ಲರಿಗೂ ಗೊತ್ತು. ಅವಳು ಒಪ್ಪಲಿಲ್ಲ. ಮೊದಲ ವಾರಗಳಲ್ಲಿ ಮಾಡಿಸುವುದು ಮೊಣಕಾಲು ಪೂರ್ತಿ ನೆಟ್ಟಗೆ ಚಾಚುವುದು, ಬಾವು ಇಳಿಸುವುದು, ತೊಡೆಯ ಮುಂಭಾಗ ಬಿಗಿ ಹಿಡಿದು ಬಿಡುವುದು, ಅಷ್ಟೇ. ತಾಲೀಮು ಅಂದರೆ ಹುಡುಗರು ಬಸ್ಕಿ ಹೊಡೆಯಲು ಶುರು ಮಾಡುತ್ತಾರೆ ಅಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಪ್ರಶ್ನಾವಳಿಯಲ್ಲಿ ಇನ್ನೊಂದು ಸಿಕ್ಕು. ನಡೆಯುವಾಗ ಮೊಣಕಾಲು ತಟ್ಟನೆ ಹಿಡಿತ ತಪ್ಪಿ ಕುಸಿಯುತ್ತದಲ್ಲ, ಎಸಿಎಲ್ ಹೋದವರು ಮುಖ್ಯವಾಗಿ ಹೇಳುವ ತೊಂದರೆ ಅದೇ. ಅವಳ ಅನುವಾದ ‘ಅಸ್ಥಿರತೆಯ ಅನುಭವ’. ರೋಗಿಗಳು ಹೇಳುವುದು “ಕಾಲು ಕೈ ಕೊಡ್ತೈತ್ರಿ”. ಕಾಲು ಕೈ ಕೊಡುವುದು ಕೇಳಲು ನಗು ಬರಿಸುತ್ತದೆ ನಿಜ, ಆದರೆ ಅರ್ಥ ಕರಾರುವಾಕ್ಕಾಗಿದೆ. ‘ಮೊಣಕಾಲು ಕೈ ಕೊಡುತ್ತದೆಯೇ?’ ಅಂತ ಅಚ್ಚು ಹಾಕಿಸು ಅಂದಿದ್ದೇನೆ. ಗೈಡ್ ಒಪ್ಪುತ್ತಾರೋ ಇಲ್ಲವೋ.

ಈಗ ನನ್ನ ಪ್ರಶ್ನೆ. ಕುಸ್ತಿ ಪೈಲ್ವಾನರು, ಹಾವೇರಿ ಗದಗ ಕಡೆ ಎಲುಬು ಕೂರಿಸಿ ಕಟ್ಟು ಹಾಕುವವರು, ಚಕ್ಕಡಿಯ ಎತ್ತಿನ ಕಾಲು ನೋಡುವವರು, ಇವರಲ್ಲಿ ಯಾರಾದರೂ ಲಿಗಮೆಂಟ್‌ಗೂ ಟೆಂಡನ್‌ಗೂ ಬೇರೆ ಬೇರೆ ಹೆಸರು ಹೇಳಿದ್ದನ್ನು ಕೇಳಿದ್ದೀರಾ? ‘ನರ’ ಬಿಟ್ಟು. ಕೇಳಿದ್ದರೆ ಯಾವ ಊರು, ಯಾವ ಸಂದರ್ಭ ಅಂತಲೂ ತಿಳಿಸಿ. ಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.