ಆಯಾ ಸೋಫಿಯಾ ಮಾದರಿ, 1:100: ಪ್ಲಾಸ್ಟರೋ ಪ್ರಿಂಟೋ? ಅನುಭವ ಇರುವವರು ಹೇಳಿ

ಕೇಳಿದವರು: ಆರ್ಕಿಟೆಕ್ಚರ್ ಕಾಲೇಜಿನ ಪ್ರದರ್ಶನಕ್ಕೆ ಇಸ್ತಾಂಬುಲ್‌ನ ಆಯಾ ಸೋಫಿಯಾದ (ಚರ್ಚಾಗಿ ಕಟ್ಟಿ ಮುಂದೆ ಮಸೀದಿಯಾದ ಕಟ್ಟಡ) ಸೀಳುನೋಟ, ಅಂದರೆ ಒಳಭಾಗ ಕಾಣುವಂತೆ ಕತ್ತರಿಸಿದ ಮಾದರಿ, ಮಾಡಬೇಕು. ಪ್ಲಾಸ್ಟರ್ ಎರಕ ಒಳ್ಳೆಯದೋ, 3ಡಿ ಪ್ರಿಂಟೋ? ಮಿನಾರುಗಳು ಬೇಕೆ?

ಗಾರೆಪ್ರಿಯ: ಪ್ಲಾಸ್ಟರೇ ಸರಿ, ಆದರೆ ಮೊದಲು ಇಸವಿ ತೀರ್ಮಾನಿಸಿ. ವಾಸ್ತುಶಿಲ್ಪಿಗಳಾದ ಅಂಥೆಮಿಯಸ್ ಮತ್ತು ಇಸಿಡೋರ್ 532ರಲ್ಲಿ ಶುರು ಮಾಡಿ 537ಕ್ಕೆ ಮುಗಿಸಿದ ಗುಮ್ಮಟ ಈಗಿಲ್ಲ. ಅವಸರದ ಕೆಲಸ ಅದು. ಸುರ್ಕಿ (ಇಟ್ಟಿಗೆ ಪುಡಿ) ಹಾಕಿದ ಗಾರೆಯ ಪದರ ಇಟ್ಟಿಗೆಯಷ್ಟೇ, ಕೆಲವೆಡೆ ಅದಕ್ಕಿಂತ ದಪ್ಪ. ಅದು ಗಟ್ಟಿಯಾಗುವ ಮೊದಲೇ ಮೇಲಿನ ಭಾರ ಬಿದ್ದು ಹೆಗ್ಗಂಬಗಳು ಹೊರಕ್ಕೆ ವಾಲಿದವು. 557ರ ಭೂಕಂಪದಲ್ಲಿ ಬಿರುಕು ಬಿಟ್ಟು, 558ರ ಮೇ 7ರಂದು ಕುಸಿಯಿತು. ಕಿರಿಯ ಇಸಿಡೋರ್ 562ರ ವೇಳೆಗೆ ಅದನ್ನು ಸುಮಾರು 20 ಅಡಿ ಎತ್ತರಿಸಿ ಕಟ್ಟಿದ; ಎತ್ತರಿಸಿದಷ್ಟೂ ಪಕ್ಕಕ್ಕೆ ತಳ್ಳುವ ಒತ್ತಡ ತಗ್ಗುತ್ತದೆ. 562ರದ್ದನ್ನೇ ಮಾಡಿ.

ಎರಕಕ್ಕೆ: 40 ಪಕ್ಕೆಲುಬು, 40 ಕಿಟಕಿ. 45 ಡಿಗ್ರಿಯ ಒಂದೇ ಅಚ್ಚು ಸಾಕು, ಐದೈದು ಪಕ್ಕೆಲುಬು ಬರುತ್ತವೆ. ತೂಕದಲ್ಲಿ 10 ಭಾಗ ಪ್ಲಾಸ್ಟರಿಗೆ 7 ಭಾಗ ನೀರು. ಬುಡದಲ್ಲಿ ಒಂದು ಕಿಟಕಿ, ಒಂದು ಪಕ್ಕೆಲುಬು ಸೇರಿ ಸಿಗುವುದು 2.4 ಸೆಂ.ಮೀ. ಮಾತ್ರ. ಕಿಟಕಿ ತೆರೆದಿಟ್ಟು ಎರೆದರೆ ಅಚ್ಚು ಬಿಡಿಸುವಾಗ ಅಲ್ಲೇ ಮುರಿಯುವುದು ಖಂಡಿತ. ತುಂಬಿಯೇ ಎರೆದು, ಗಟ್ಟಿಯಾದ ಮೇಲೆ, ಇನ್ನೂ ತೇವ ಇರುವಾಗಲೇ ಬ್ಲೇಡಿನಲ್ಲಿ ಕೊರೆಯಿರಿ.

ಅಳತೆಪಟ್ಟಿ: ಪ್ಲಾಸ್ಟರ್ ಅಗ್ಗ ಅಂತ ಹೇಳುವವರು ಸಿಲಿಕೋನ್ ಅಚ್ಚಿನ ಬಿಲ್ಲನ್ನು ಯಾಕೆ ಮುಚ್ಚಿಡುತ್ತಾರೆ? ಖರ್ಚೆಲ್ಲ ಅಲ್ಲೇ. ಪ್ರಿಂಟ್ ಮಾಡಿ. ಎಲ್ಲರೂ ಎಡವುವುದು ಗುಮ್ಮಟದಲ್ಲಲ್ಲ, ಅದರ ಕೆಳಗಿನ ನಾಲ್ಕು ಪೆಂಡೆಂಟಿವ್‌ಗಳಲ್ಲಿ (ಚೌಕದ ಮೂಲೆಗಳಿಂದ ಎದ್ದು ಗುಮ್ಮಟದ ವೃತ್ತ ಹೊರುವ ಬಾಗಿದ ತ್ರಿಕೋನಗಳು). ಅವನ್ನು ಚಪ್ಪಟೆ ತ್ರಿಕೋನವಾಗಿ ಎಳೆದರೆ ಕೆಟ್ಟಿತು. ಚೌಕದ ಬದಿ 31 ಸೆಂ.ಮೀ., ಕರ್ಣ 43.8, ಅದರ ಅರ್ಧ 21.9 ಸೆಂ.ಮೀ. ತ್ರಿಜ್ಯದ ಗೋಳದಿಂದ ಕತ್ತರಿಸಬೇಕು. ತಲೆಕೆಳಗಾಗಿ ಪ್ರಿಂಟ್ ಮಾಡಿ. ನೇರ ನಿಲ್ಲಿಸಿದರೆ ಮೇಲ್ತುದಿಯ ಚಾಚು 45 ಡಿಗ್ರಿ ಮುಟ್ಟಿ ಆಸರೆ ಕೇಳಬಹುದು, ಆ ಆಸರೆ ಕೀಳುವಾಗ ಒಳಮೈ ಹಾಳು.

ಗಾರೆಪ್ರಿಯ: ಒಂದು ಅಚ್ಚಿನಲ್ಲಿ ಎಂಟು ತುಂಡು ಬರುತ್ತದೆ. ಲೆಕ್ಕ ಹಾಕುವಾಗ ಅದನ್ನೂ ಹಾಕಿ.

ಪೂರ್ವಕಮಾನು: ಗಾರೆಪ್ರಿಯ, ನೀವು 562 ಅನ್ನುತ್ತಿದ್ದೀರಿ, ಈಗ ನಿಂತಿರುವುದು ಪೂರ್ತಿ ಅದೂ ಅಲ್ಲ. 989ರ ಭೂಕಂಪಕ್ಕೆ ಪಶ್ಚಿಮ ಭಾಗ ಬಿತ್ತು, ಅರ್ಮೇನಿಯದ ವಾಸ್ತುಶಿಲ್ಪಿ ತ್ರದಾತ್ ಕಟ್ಟಿಕೊಟ್ಟು 994ಕ್ಕೆ ಮತ್ತೆ ತೆರೆಯಿತು. 1346ರಲ್ಲಿ ಪೂರ್ವ ಭಾಗ ಬಿತ್ತು. ಆರನೇ ಶತಮಾನದ್ದು ಉಳಿದಿರುವುದು ಉತ್ತರ, ದಕ್ಷಿಣಗಳಲ್ಲಿ. ಹೀಗೆ ತೇಪೆ ಬಿದ್ದೇ ಅದು ಈಗ ಸರಿವೃತ್ತವಲ್ಲ. ವ್ಯಾಸ ಒಂದು ಕಡೆ 31.24, ಇನ್ನೊಂದು ಕಡೆ 30.86 ಮೀಟರ್. ನಿಮ್ಮ ಮಾದರಿಯಲ್ಲಿ ಸುಮಾರು 4 ಮಿ.ಮೀ. ವ್ಯತ್ಯಾಸ. ಈಗಿನ ಸ್ಥಿತಿ ತೋರಿಸುವುದಾದರೆ ಒಂದೇ ಅಚ್ಚಿನ ಎಂಟು ತುಂಡು ಅಲ್ಲಿ ಕೂರುವುದೇ ಇಲ್ಲ.

ಅಳತೆಪಟ್ಟಿ: ಇದೇ ನಾನು ಹೇಳಿದ್ದು.

ಪೂರ್ವಕಮಾನು: ನೀವು ಹೇಳಿದ್ದು ದುಡ್ಡಿನ ವಿಚಾರ.

ಸಿನಾನ್‌ಭಕ್ತ: ಮಿನಾರು ಬಿಡಬೇಡಿ, ಹೊರಗಿನ ಆಸರೆ ಗೋಡೆಗಳನ್ನಂತೂ ಬಿಡಲೇಬೇಡಿ. ಹದಿನಾರನೇ ಶತಮಾನದಲ್ಲಿ ಒಟ್ಟೊಮನ್ ವಾಸ್ತುಶಿಲ್ಪಿ ಸಿನಾನ್ ಬಲಪಡಿಸದಿದ್ದರೆ ಈ ಚರ್ಚೆಗೆ ಕಟ್ಟಡವೇ ಇರುತ್ತಿರಲಿಲ್ಲ.

ಪೂರ್ವಕಮಾನು: ಎಲ್ಲ ಶ್ರೇಯಸ್ಸೂ ಒಬ್ಬನಿಗೇ ಯಾಕೆ? 1317ರಲ್ಲೇ ಬೈಜಾಂಟಿಯಮ್ ಚಕ್ರವರ್ತಿ ಎರಡನೇ ಆಂಡ್ರೋನಿಕಸ್ ಉತ್ತರ, ಪೂರ್ವಕ್ಕೆ ಆಸರೆ ಕಟ್ಟಿಸಿದ್ದ.

ಸಿನಾನ್‌ಭಕ್ತ: ಕಟ್ಟಿಸಿ ಮೂವತ್ತು ವರ್ಷ ತುಂಬುವ ಮೊದಲೇ ಆ ಪೂರ್ವ ಭಾಗವೇ ಬಿತ್ತಲ್ಲ!

ಬಿಜಾಪುರದವ: ನಮ್ಮ ಗೋಲಗುಮ್ಮಟ ಇದಕ್ಕಿಂತ ಅಗಲ, ಅರೆಗುಮ್ಮಟದ ಆಸರೆಯೂ ಬೇಡ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳ ಮೇಲೆ ನಿಂತಿದೆ.

ಗಾರೆಪ್ರಿಯ: ಅದರ ಕೆಳಗೆ ಮೂರು ಮೀಟರ್ ದಪ್ಪದ ಗೋಡೆ ನಾಲ್ಕೂ ಕಡೆ ಇದೆ. ಇಲ್ಲಿ ಪೂರ್ವ ಪಶ್ಚಿಮಕ್ಕೆ ಅರೆಗುಮ್ಮಟ, ಉತ್ತರ ದಕ್ಷಿಣಕ್ಕೆ ಕಿಟಕಿ ತುಂಬಿದ ತೆಳುಗೋಡೆ. ಒತ್ತಡ ತಡೆಯುವ ದಾರಿಯೇ ಬೇರೆ. ಕೇಳಿದವರೇ, ಉದ್ದಕ್ಕೆ ಪೂರ್ವ-ಪಶ್ಚಿಮವಾಗಿ ಸೀಳಿದರೆ ಅರೆಗುಮ್ಮಟಗಳ ಸಾಲು ಕಾಣುತ್ತದೆ. ಉತ್ತರ-ದಕ್ಷಿಣಕ್ಕೆ ಸೀಳಿದರೆ ಕಟ್ಟಡ ಎಲ್ಲಿ ದುರ್ಬಲ ಅನ್ನುವುದು ಕಾಣುತ್ತದೆ. ನಾನಾದರೆ ಎರಡನೆಯದನ್ನೇ ಸೀಳುತ್ತೇನೆ.

ಅಳತೆಪಟ್ಟಿ: ಹಾಗೆ ಸೀಳಿದರೆ ಅರೆಗುಮ್ಮಟ ಅರ್ಧಕ್ಕರ್ಧ ಮರೆಯಾಗುತ್ತದೆ. ನೋಡಲು ಬಂದವರಿಗೆ ಏನು ತೋರಿಸುತ್ತೀರಿ?